ಫ್ರೀಲಾನ್ಸ್ ಕೆಲಸ ಮಾಡುವವರು ಕ್ಲೈಂಟ್‌ಗಳಿಂದ ಟಿಪ್ಸ್ ನಿರೀಕ್ಷಿಸಬಹುದಾ?

ಕೊಟ್ಟರೆ ತಗೊಳ್ಳಿ, ಲೆಕ್ಕಕ್ಕೆ ಮಾತ್ರ ಹಿಡಿಯಬೇಡಿ.

ನಾನು ಬೆಳಗಾವಿಯ ಟಿಳಕವಾಡಿಯಲ್ಲಿ ಮನೆಯಿಂದಲೇ ಲೋಗೋ, ಲೇಬಲ್ ಡಿಸೈನ್ ಮಾಡುತ್ತೇನೆ. ಊರಿನ ಗಿರಾಕಿಗಳು ಟಿಪ್ಸ್ ಅಂತ ದುಡ್ಡು ಕೊಟ್ಟಿದ್ದು ನೆನಪಿಲ್ಲ. ಕೊನೆಗೆ "ಒಂದ್ ಐನೂರು ಕಮ್ಮಿ ಮಾಡ್ರಿ ಸರ್" ಅನ್ನುವವರೇ ಜಾಸ್ತಿ. ಒಬ್ಬ ಸೀರೆ ಅಂಗಡಿಯವರು ಮಾತ್ರ ಬಿಲ್ ಪೂರ್ತಿ ಕೊಟ್ಟು, ಮೇಲೆ ಅರ್ಧ ಕೆಜಿ ಕುಂದಾ ಕೈಗಿಟ್ಟರು. ಡಬ್ಬಿಯ ತಳ ಇನ್ನೂ ಬೆಚ್ಚಗಿತ್ತು. ಆಮೇಲೆ ಅವರೇ ಇಬ್ಬರು ಹೊಸ ಗಿರಾಕಿಗಳನ್ನು ಕಳಿಸಿದರು. ಕುಂದಾಕ್ಕಿಂತ ಅದು ದೊಡ್ಡದು (ಮನೆಯವರು ಒಪ್ಪಲ್ಲ).

ಹೊರದೇಶದವರ ವಿಷಯ ಬೇರೆ. ಅಮೆರಿಕದ ಹೋಟೆಲ್‌ಗಳಲ್ಲಿ ಬಿಲ್ಲಿನ ಮೇಲೆ ಶೇ. 15–20 ಟಿಪ್ಸ್ ಕೊಡುವುದು ರೂಢಿ. ಅಲ್ಲಿನ ಕೇಂದ್ರ ಕಾನೂನು ಟಿಪ್ಸ್ ಸಿಗುವ ವೇಟರ್‌ಗೆ ಗಂಟೆಗೆ 2.13 ಡಾಲರ್ ಕೊಟ್ಟರೂ ಸಾಕು ಅನ್ನುತ್ತದೆ, ಕನಿಷ್ಠ ಕೂಲಿಗೆ ಕಮ್ಮಿ ಬಿದ್ದದ್ದು ಟಿಪ್ಸ್‌ನಿಂದ ತುಂಬಬೇಕು. ನಮ್ಮ ದರ ನಾವೇ ಹೇಳುತ್ತೇವೆ, ಅಲ್ವಾ? ಆದರೂ ಫ್ರೀಲಾನ್ಸ್ ಕೆಲಸ ಸಿಗುವ ವೆಬ್‌ಸೈಟ್‌ಗಳಲ್ಲಿ ಇದಕ್ಕೆ ದಾರಿ ಇದೆ: ಫೈವರ್‌ನಲ್ಲಿ ಕೆಲಸ ಮುಗಿದ ಮೇಲೆ ಕ್ಲೈಂಟ್ ಟಿಪ್ಸ್ ಕೊಡಬಹುದು, ಅಪ್‌ವರ್ಕ್‌ನಲ್ಲಿ ಬೋನಸ್ ಕೊಡಬಹುದು. ಫೈವರ್ ತನ್ನ ಶೇ. 20 ಪಾಲನ್ನು ಟಿಪ್ಸ್‌ನಿಂದಲೂ ಮುರಿದುಕೊಳ್ಳುತ್ತದೆ. 50 ಡಾಲರ್ ಕೊಟ್ಟರೆ ನಿಮಗೆ ಸಿಗೋದು 40. ಅದೂ ಆದಾಯವೇ, ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಬೇಕು.

ಬಾಯಿಬಿಟ್ಟು ಮಾತ್ರ ಕೇಳಬೇಡಿ. ದುಡ್ಡು ಸಾಲದು ಅನ್ನಿಸಿದರೆ ಮುಂದಿನ ಕೆಲಸಕ್ಕೆ ದರ ಏರಿಸಿ. ಮೂರನೇ ಸಲ ತಿದ್ದಿದರೆ ಬೇರೆ ಚಾರ್ಜ್, ನಾಳೆ ಬೆಳಗ್ಗೆಗೇ ಬೇಕೆಂದರೆ ಇಷ್ಟು ಜಾಸ್ತಿ ಅಂತ ಕೊಟೇಶನ್‌ನಲ್ಲೇ ಬರೆಯಿರಿ. ನಾನು ಇದನ್ನು ಬರೆಯದೆ ಎರಡು ವರ್ಷ ಸುಮ್ನೆ ಕಳೆದೆ.