ಅಪ್ಪ ಬಿಟ್ಟುಹೋದ ಹನ್ನೊಂದು ವಾಚುಗಳು

ಪ್ರಶ್ನೆ: ಅಮ್ಮಾ, ನಮ್ಮಪ್ಪ ಸಾಗರದ ಪೇಟೆಯಲ್ಲಿ 38 ವರ್ಷ ವಾಚ್ ರಿಪೇರಿ ಮಾಡಿದವರು. ಅಂಗಡಿ ಅಂದರೆ ಒಂದು ಮೇಜು, ಒಂದು ಗಾಜಿನ ಪೆಟ್ಟಿಗೆ, ಅಷ್ಟೇ. ಹೋದ ಮಳೆಗಾಲದಲ್ಲಿ ತೀರಿಕೊಂಡರು. ಅವತ್ತು ಸೇರಿದ ಜನ ನೋಡಿ ನಮಗೇ ಆಶ್ಚರ್ಯವಾಯಿತು. ತುಮರಿ ಕಡೆಯಿಂದಲೂ ಬಂದಿದ್ದರು. ಆ ಕಡೆಯವರ ವಾಚನ್ನು ಅಪ್ಪ ಮೊದಲು ಮಾಡಿಕೊಡುತ್ತಿದ್ದರಂತೆ, ಹೊಳೆ ದಾಟಿಸುವ ಲಾಂಚ್ ತಪ್ಪಬಾರದು ಅಂತ. ವರ್ಷಾಬ್ದಿಕಕ್ಕೆ ಒಂದು ಚಿಕ್ಕ ಪುಸ್ತಕ ತರೋಣ ಅಂತ ಅಣ್ಣ ಹೇಳಿದ್ದಾನೆ. ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ‘ಸರಳ ಜೀವಿ, ಎಲ್ಲರಿಗೂ ಬೇಕಾದವರು’ ಅಂತ ಬರೆದ ಮೇಲೆ ಪೆನ್ನು ಮುಂದೆ ಹೋಗುತ್ತಿಲ್ಲ. ಪ್ರಶಸ್ತಿ, ಪದವಿ ಯಾವುದೂ ಅಪ್ಪನಿಗಿರಲಿಲ್ಲ. ಅಮ್ಮ ಆ ವಿಷಯ ಎತ್ತಿದರೆ ಎದ್ದು ಹೋಗುತ್ತಾಳೆ. ಮೇಜಿನ ಡ್ರಾಯರಿನಲ್ಲಿ ಯಾರೂ ಬಂದು ಒಯ್ಯದ 11 ವಾಚುಗಳಿವೆ. ಒಂದೊಂದಕ್ಕೂ ಅಪ್ಪನ ಕೈಬರಹದ ಚೀಟಿ ಕಟ್ಟಿದೆ. ಅವನ್ನೇನು ಮಾಡಲಿ, ಪುಸ್ತಕಕ್ಕೇನು ಬರೆಯಲಿ?
— ಹೆಸರು ಬೇಡ, ಸಾಗರ

ಉತ್ತರ: ಮಗಳೇ, ನಿನ್ನ ಕಾಗದವನ್ನು ಮೂರು ಸಲ ಓದಿದೆ. ಪೆನ್ನು ಹೋಗುತ್ತಿಲ್ಲ ಅನ್ನುತ್ತೀಯ, ಆದರೆ ಲಾಂಚಿನ ಆ ಒಂದು ಮಾತು ಬರೆದಾಗಲೇ ಅಪ್ಪನನ್ನು ನನ್ನ ಕಣ್ಣ ಮುಂದೆ ತಂದು ಕೂರಿಸಿದ್ದೀಯ. ಪುಸ್ತಕ ಅಲ್ಲಿಂದಲೇ ಶುರುವಾಗಲಿ.

ನಿಮ್ಮೂರಿನವರಿಗೆ ಅದು ಹೇಳದೆಯೂ ಗೊತ್ತು. ನಿನ್ನ ಮಕ್ಕಳಿಗೆ ಗೊತ್ತಿರುವುದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಶರಾವತಿಯ ಹಿನ್ನೀರು ತುಮರಿ ಸೀಮೆಯನ್ನು ಸಾಗರದಿಂದ ಬೇರೆ ಮಾಡಿತು. ಪೇಟೆಗೆ ಬಂದವರು ಸಂಜೆ ಹೊಳೆಬಾಗಿಲಿನಲ್ಲಿ ಕೊನೆಯ ಲಾಂಚ್ ಹಿಡಿಯದಿದ್ದರೆ ಆ ರಾತ್ರಿ ಮನೆ ಸೇರುವುದು ದುಸ್ತರವಾಗುತ್ತಿತ್ತು. 2025ರ ಜುಲೈನಲ್ಲಿ ಸೇತುವೆ ತೆರೆಯಿತು, ಈಗ ಬಸ್ಸಿನಲ್ಲೇ ದಾಟಬಹುದು. ಸೇತುವೆ ಇಲ್ಲದ ಕಾಲದಲ್ಲಿ, ಸಾಲಿನಲ್ಲಿ ಹಿಂದೆ ನಿಂತವರ ಮುಖ ನೋಡಿ ಯಾರು ಹೊಳೆಯಾಚೆಯವರು ಅಂತ ತಿಳಿದು ಕೈಚಾಚಿ ವಾಚು ಇಸಿದುಕೊಳ್ಳುತ್ತಿದ್ದವರು ನಿಮ್ಮಪ್ಪ. ಮುಂದೆ ನಿಂತಿದ್ದವರು ಗೊಣಗಿರುತ್ತಾರೆ. ಅದನ್ನೂ ಬರೆ.

ನಾನು ಮಾಡಿದ ತಪ್ಪು ನೀನು ಮಾಡಬಾರದು, ಅದಕ್ಕೇ ಹೇಳುತ್ತೇನೆ. ನಮ್ಮಪ್ಪ ತೀರ್ಥಹಳ್ಳಿಯಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದರು. ವೈಕುಂಠ ಸಮಾರಾಧನೆಯ ಕಾರ್ಡಿಗೆ ನಾನೇ ಒಕ್ಕಣೆ ಬರೆದೆ. ‘ಅಜಾತಶತ್ರು, ಸ್ನೇಹಜೀವಿ.’ ಊರಲ್ಲಿ ಯಾರು ಸತ್ತರೂ ಹೊಂದುವ ಎರಡು ಪದ. ಅವತ್ತು ಊಟವಾದ ಮೇಲೆ ಕುರುವಳ್ಳಿಯ ಅಜ್ಜಿಯೊಬ್ಬರು ನನ್ನ ಕೈ ಹಿಡಿದುಕೊಂಡು ಹೇಳಿದರು: “ನಿಮ್ಮಪ್ಪ ಮನಿಯಾರ್ಡರಿಗೆ ಹೆಬ್ಬೆಟ್ಟು ಒತ್ತಿಸಿಕೊಂಡ ಮೇಲೆ ಚೀಲದಿಂದ ಎಣ್ಣೆಬಟ್ಟೆ ತೆಗೆದು ಕೊಡ್ತಿದ್ರು ಕಣವ್ವಾ. ರೊಟ್ಟಿ ತಟ್ಟೋ ಕೈಗೆ ಮಸಿ ಹತ್ತಬಾರದು, ಒರೆಸ್ಕೊಳಿ ಅಂತ.”

ಆ ಎಣ್ಣೆಬಟ್ಟೆಯನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಖಾಕಿ ಚೀಲದ ಮೂಲೆಯಲ್ಲಿ ಅದರ ಕಲೆ ಅಂಗೈಯಗಲ ಹರಡಿಕೊಂಡಿತ್ತು. ಒಗೆಯುವಾಗಲೆಲ್ಲ ಅಮ್ಮ ಬೈಯುತ್ತಿದ್ದಳು, ಅಪ್ಪ ಒಂದು ದಿನವೂ ಕಾರಣ ಹೇಳಲಿಲ್ಲ. ಸೈಕಲ್ ಚೈನಿಗೆ ಇಟ್ಟುಕೊಂಡಿದ್ದಾರೆ ಅಂದುಕೊಂಡಿದ್ದೆ ನಾನು. ಕಾರ್ಡು ಅಷ್ಟೊತ್ತಿಗೆ ಊರೆಲ್ಲ ಹಂಚಿ ಮುಗಿದಿತ್ತು.

ಹಾಗಾಗಿ ಬರೆಯಲು ಕೂರುವ ಮೊದಲು ಓಡಾಡು. ‘ನಮ್ಮಪ್ಪ ಎಂಥವರಾಗಿದ್ದರು’ ಅಂತ ಮಾತ್ರ ಕೇಳಬೇಡ. ಕೇಳಿದರೆ ಎಲ್ಲರೂ ‘ದೇವರಂಥವರು’ ಅನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ‘ನಿಮ್ಮ ಯಾವ ವಾಚು ಕೊಟ್ಟಿದ್ರಿ, ಏನಾಗಿತ್ತು, ಅಪ್ಪ ಏನಂದ್ರು’ ಅಂತ ಕೇಳು. ಆ ಕಾಲದ ಕೈಗಳಲ್ಲಿ ಹೆಚ್ಚಿನವು ಎಚ್‌ಎಂಟಿ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಶುರುವಾದ ಕಾರ್ಖಾನೆಯದು. ಎಸ್ಸೆಸ್ಸೆಲ್ಸಿ ಪಾಸಾದದ್ದಕ್ಕೆ, ಮದುವೆಯಲ್ಲಿ ಅಳಿಯನಿಗೆ ಅಂತ ಬಂದ ವಾಚುಗಳು ಅವು. ಎಚ್‌ಎಂಟಿಯ ಕೀ ಕೊಡುವ ಜನತಾ ವಾಚು ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ ಐದು ಸಲ ಮಿಡಿಯುತ್ತದೆ. ನಿಮ್ಮಪ್ಪ 38 ವರ್ಷ ಕಿವಿಗೆ ಹಿಡಿದು ಕೇಳಿದ್ದು ಅದನ್ನು.

ಇನ್ನೊಂದು ವಿಷಯ ನಿನಗೆ ತಿಳಿದಿದೆಯೋ ಇಲ್ಲವೋ. ಹಳೆಯ ವಾಚ್ ರಿಪೇರಿಯವರಲ್ಲಿ ಅನೇಕರು ವಾಚಿನ ಹಿಂಬದಿಯ ಮುಚ್ಚಳದ ಒಳಗೆ ಸೂಜಿಮೊನೆಯಿಂದ ತಾರೀಖನ್ನೋ ಗುರುತನ್ನೋ ಗೀಚುತ್ತಿದ್ದರು, ಮುಂದೆ ಬಿಚ್ಚುವವನಿಗೆ ಗೊತ್ತಾಗಲಿ ಅಂತ. ನಮ್ಮಪ್ಪನ ಜನತಾ ವಾಚು ಬಿಚ್ಚಿಸಿದಾಗ ಒಳಗೆ ಮೂರು ಬೇರೆ ಬೇರೆ ಕೈಯ ಗೀಚು ಇತ್ತು. ನಿಮ್ಮಪ್ಪನಿಗೂ ಆ ರೂಢಿ ಇದ್ದಿದ್ದರೆ, ಆನಂದಪುರದಿಂದ ತಾಳಗುಪ್ಪದ ತನಕ ಎಷ್ಟು ಜನರ ಮಣಿಕಟ್ಟಿನ ಮೇಲೆ ಅವರ ಅಕ್ಷರ ಇದೆಯೋ! ಕೇಳಿ ನೋಡು, ಸಿಕ್ಕರೆ ಫೋಟೋ ತೆಗೆದು ಪುಸ್ತಕದಲ್ಲಿ ಹಾಕು.

ಅಮ್ಮನನ್ನು ಎದುರು ಕೂರಿಸಿಕೊಂಡು ಪ್ರಶ್ನೆ ಕೇಳಬೇಡ. ಆಕೆ ಸೊಪ್ಪು ಬಿಡಿಸುತ್ತಿರುವಾಗ ಆ ಚೀಟಿಗಳನ್ನು ಪಕ್ಕದಲ್ಲಿ ಹರಡಿಕೊಂಡು ನೀನೇ ಗಟ್ಟಿಯಾಗಿ ಓದುತ್ತ ಹೋಗು. ‘ಈ ಮನುಷ್ಯ ದುಡ್ಡೇ ಕೊಟ್ಟಿಲ್ಲ’ ಅಂತ ಎಲ್ಲೋ ಒಂದು ಕಡೆ ಬಾಯಿ ಬಿಡುತ್ತಾಳೆ. ಸಾಲ ಹೇಳಿ ಹೋದವರ ಮೇಲಿನ ಆಕೆಯ ಸಿಟ್ಟು, ತಿಂಗಳ ಕೊನೆಯ ತಾಪತ್ರಯ, ಅಪ್ಪ ತಡವಾಗಿ ಬಂದ ರಾತ್ರಿಗಳು, ಎಲ್ಲ ಆಕೆಯ ಮಾತಿನಲ್ಲೇ ಬರಲಿ. ಊರಿಗೆಲ್ಲ ಬೇಕಾದವರ ಮನೆಯಲ್ಲಿ ಅದರ ಭಾರ ಹೊತ್ತವಳು ಆಕೆ. ಆಕೆ ಇಲ್ಲದ ಪುಸ್ತಕವನ್ನು ನಾನಂತೂ ಒಪ್ಪುವುದಿಲ್ಲ.

ಇನ್ನು ಆ 11 ವಾಚುಗಳು. ಅವು ನಿಮ್ಮವಲ್ಲ, ಚೀಟಿಯಲ್ಲಿ ಹೆಸರಿರುವವರವು. ಒಬ್ಬೊಬ್ಬರನ್ನೇ ಹುಡುಕಿ. ಕೆಲವರು ಈಗ ಇರಲಿಕ್ಕಿಲ್ಲ, ಅವರ ಮಕ್ಕಳು ಇದ್ದಾರು. ಅವರಿಗದು ಅಪ್ಪನ ವಾಚು. ವರ್ಷಾಬ್ದಿಕದ ದಿನ ಬರಹೇಳಿ, ಊಟವಾದ ಮೇಲೆ ಅಮ್ಮನ ಕೈಯಿಂದ ಕೊಡಿಸಿ, ದುಡ್ಡು ಮುಟ್ಟಬೇಡಿ. ವಾಚು ಕೊಡಿ, ಚೀಟಿ ಬಿಚ್ಚಿ ನೀವೇ ಇಟ್ಟುಕೊಳ್ಳಿ. ಆ 11 ಚೀಟಿಗಳನ್ನು ಇದ್ದ ಹಾಗೇ ಪುಸ್ತಕದಲ್ಲಿ ಅಚ್ಚು ಹಾಕಿಸಿ, ಕಾಗುಣಿತದ ತಪ್ಪಿದ್ದರೂ ತಿದ್ದಬೇಡಿ.

ಒಂದು ಎಚ್ಚರಿಕೆ. ಆಸೆಗೆ ಬಿದ್ದು ಈಗಲೇ ಅವಕ್ಕೆ ಕೀ ಕೊಡಬೇಡ. ಎಷ್ಟೋ ದಿನ ಸುಮ್ಮನೆ ಕೂತ ವಾಚಿನಲ್ಲಿ ಎಣ್ಣೆ ಒಣಗಿರುತ್ತದೆ, ಹಾಗೇ ಓಡಿಸಿದರೆ ಒಳಗಿನ ಚಕ್ರಗಳ ಮೊನೆ ಸವೆಯುತ್ತದೆ. ಕೀ ವಾಚಿನ ಕೆಲಸ ಬಲ್ಲವರ ಹತ್ತಿರ ಮೊದಲು ಬಿಚ್ಚಿ ತೊಳೆಸು. ಮುಚ್ಚಳ ತೆಗೆಯುವಾಗ ನೀನು ಪಕ್ಕದಲ್ಲೇ ನಿಂತಿರು.