ಓದುಗರ ಪ್ರಶ್ನೆ: ಅರ್ಜಿ ಸೋಸಲು ಎಐ ಬಳಸಬಹುದೇ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮ ಕಾರ್ಖಾನೆಯಿದೆ. ಕೆಲಸಕ್ಕೆ ಕರೆದಾಗಲೆಲ್ಲ ಮುನ್ನೂರರಷ್ಟು ಅರ್ಜಿ ಬರುತ್ತವೆ. ಮೊದಲ ಸುತ್ತಿಗೆ ಎಐ ತಂತ್ರಾಂಶ ಬಳಸಿದರೆ ಅನ್ಯಾಯವಾದೀತೇ? ಹೆಣ್ಣು-ಗಂಡು ಕಾಲಂ ತೆಗೆದರೆ ಸಾಕು ಎನ್ನುತ್ತಾರೆ ಮಾರುವವರು.

ಉತ್ತರ: ಬಳಸಿ, ಆದರೆ ಆ ಮಾತು ನಂಬಬೇಡಿ. ಅಮೆಜಾನ್ 2014ರಿಂದ ಇಂಥದ್ದೇ ತಂತ್ರಾಂಶ ಕಟ್ಟುತ್ತಿತ್ತು. ಹತ್ತು ವರ್ಷಗಳ ಹಳೆಯ ಅರ್ಜಿಗಳನ್ನು ಅದಕ್ಕೆ ಉಣಿಸಿದ್ದರು, ಹೆಚ್ಚಿನವು ಗಂಡಸರವು. ‘ಮಹಿಳಾ ಚೆಸ್ ಕ್ಲಬ್ ನಾಯಕಿ’ ಎಂಬಂಥ ಸಾಲು ಕಂಡರೆ ಅದು ಅಂಕ ಇಳಿಸತೊಡಗಿತು. ಎರಡು ಮಹಿಳಾ ಕಾಲೇಜುಗಳಲ್ಲಿ ಓದಿದವರಿಗೂ ಅದೇ ಗತಿ. ಕೊನೆಗೆ ಕೈಬಿಟ್ಟರು, 2018ರಲ್ಲಿ ರಾಯಿಟರ್ಸ್ ವರದಿಯಿಂದ ಸಂಗತಿ ಬಯಲಾಯಿತು. ನಿಮ್ಮಲ್ಲೂ ಕಾಲೇಜಿನ ಹೆಸರು, ಹೆರಿಗೆಗೆಂದು ಕೆಲಸ ಬಿಟ್ಟ ಎರಡು ವರ್ಷ ಇವೆಲ್ಲ ಕಾಲಂ ಇಲ್ಲದೆಯೂ ಹೆಣ್ಣೋ ಗಂಡೋ ಎಂಬ ಗುಟ್ಟು ಬಿಟ್ಟುಕೊಡುತ್ತವೆ.

ಕೊಳ್ಳುವ ಮುನ್ನ 20 ಅರ್ಜಿಗಳನ್ನು ಎರಡೆರಡು ಸಲ ಹಾಕಿ ನೋಡಿ. ಅದೇ ಅರ್ಜಿಗೆ ಅಂಕ ಬೇರೆಯಾದರೆ ಆ ಅಂಕಕ್ಕೆ ಬೆಲೆಯಿಲ್ಲ. ಆಮೇಲೆ ಓದು, ಅನುಭವ ಹಾಗೇ ಇಟ್ಟು ಹೆಸರು, ಊರು ಮಾತ್ರ ಬದಲಿಸಿ ಹಾಕಿ, ಅಂಕ ಬದಲಾದರೆ ಅದು ಪಕ್ಷಪಾತ. ಬಳಕೆ ಶುರುವಾದ ಮೇಲೆ ಅಮೆರಿಕದಲ್ಲಿ 1978ರಲ್ಲಿ ಬಂದ ‘ಐದರಲ್ಲಿ ನಾಲ್ಕು’ ಲೆಕ್ಕ ಹಿಡಿಯಿರಿ. 200 ಗಂಡಸರಲ್ಲಿ 60 ಮಂದಿ ಆಯ್ಕೆಯಾದರೆ ಶೇ 30. 100 ಹೆಂಗಸರಲ್ಲಿ 18 ಆದರೆ ಶೇ 18. ಹದಿನೆಂಟನ್ನು ಮೂವತ್ತರಿಂದ ಭಾಗಿಸಿದರೆ 0.6. ಇದು 0.8ಕ್ಕಿಂತ, ಅಂದರೆ ಐದರಲ್ಲಿ ನಾಲ್ಕು ಭಾಗಕ್ಕಿಂತ, ಕೆಳಗಿದ್ದರೆ ನಿಲ್ಲಿಸಿ, ಕಾರಣ ಹುಡುಕಿ. ಹತ್ತಿಪ್ಪತ್ತೇ ಅರ್ಜಿ ಇದ್ದಲ್ಲಿ ಈ ಲೆಕ್ಕ ನೆಚ್ಚಬೇಡಿ, ಒಬ್ಬರು ಹೆಚ್ಚುಕಡಿಮೆಯಾದರೂ ಫಲಿತಾಂಶ ತಿರುಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ತಿರಸ್ಕೃತರ ಕಟ್ಟು. ಅದರಿಂದ ಪ್ರತಿ ಸಲ 30 ಅರ್ಜಿಗಳನ್ನು ಚೀಟಿ ಎತ್ತಿದಂತೆ ಆರಿಸಿ, ಆ ಕೆಲಸ ಬಲ್ಲ ಮೇಲ್ವಿಚಾರಕರಿಂದಲೇ ಓದಿಸಿ, ತಕ್ಕವರನ್ನು ತಂತ್ರಾಂಶ ಕೈಬಿಟ್ಟಿದೆಯೇ ನೋಡಿ. ಅಂಕ ಮುಚ್ಚಿಡಿ, ಕಂಡರೆ ಓದುವವರ ಮನಸ್ಸು ಅದರತ್ತಲೇ ವಾಲುತ್ತದೆ. ಅರ್ಜಿ ನಮೂನೆಯಲ್ಲೇ ಎಐ ಬಳಕೆಯನ್ನು ಕನ್ನಡದಲ್ಲಿ ತಿಳಿಸಿ, ಮರುಪರಿಶೀಲನೆ ಕೇಳಲು ಫೋನ್ ನಂಬರ್ ಕೊಡಿ. ಯಾರದೋ ಆಧಾರ್, ಮೊಬೈಲ್ ಸಂಖ್ಯೆಗಳಿರುವ ಅರ್ಜಿಯನ್ನು ಉಚಿತ ಚಾಟ್‌ಬಾಟ್‌ಗೆ ಎಂದೂ ಹಾಕಬೇಡಿ.

ಪ್ರಶ್ನೆ: ನಮ್ಮ ಅಂಗಡಿಯ ಚಾಟ್‌ಬಾಟ್ ಗ್ರಾಹಕರಿಗೆ ತಪ್ಪು ಹೇಳಿದರೆ ಹೊಣೆ ಯಾರದು?

ಉತ್ತರ: ನಿಮ್ಮದೇ. ಸಾವಿನ ಸಂದರ್ಭದ ರಿಯಾಯಿತಿ ಟಿಕೆಟ್ ಬಗ್ಗೆ ಏರ್ ಕೆನಡಾದ ಚಾಟ್‌ಬಾಟ್ ತಪ್ಪು ಮಾಹಿತಿ ಕೊಟ್ಟಿತ್ತು. ಅದಕ್ಕೆ ತಾನು ಹೊಣೆಯಲ್ಲ ಎಂದ ಕಂಪನಿಯ ವಾದವನ್ನು 2024ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಳಿ ಒಪ್ಪದೆ, ಪ್ರಯಾಣಿಕನಿಗೆ ಪರಿಹಾರ ಕೊಡಿಸಿತು. ಬೆಲೆ, ವಾರಂಟಿ, ಹಣ ವಾಪಸಾತಿಯ ಪ್ರಶ್ನೆಗಳಿಗೆ ಚಾಟ್‌ಬಾಟ್ ಸ್ವಂತ ಉತ್ತರ ಕಟ್ಟದಿರಲಿ. ನೀವು ಬರೆದಿಟ್ಟ ವಾಕ್ಯವನ್ನೇ ತೋರಿಸಲಿ, ಇಲ್ಲವೇ ಸಿಬ್ಬಂದಿಗೆ ಕರೆ ವರ್ಗಾಯಿಸಲಿ.