ಎಪ್ಪತ್ತು ಟ್ಯೂನು, ಮುಗಿದದ್ದು ಒಂದೇ

ಈಕೆಯ ಹೆಸರು, ಊರು ಬರೆಯುವುದಿಲ್ಲ. ಗುರುತು ಸಿಗುವಂಥ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ. ವಯಸ್ಸು 26, ಮಲೆನಾಡಿನ ಕಡೆಯವಳು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಕರ್ನಾಟಕ ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಪಾಸಾಗಿದೆ. ಸಿನಿಮಾಕ್ಕೆ ಸಂಗೀತ ಸಂಯೋಜಿಸಬೇಕು ಅನ್ನುವುದು ಆಸೆ. ಆದರೆ ನನ್ನ ಹತ್ತಿರ ಬಂದಿದ್ದು ನಿದ್ದೆ ಬರುತ್ತಿಲ್ಲ ಅಂತ.

"ನನಗೆ ಹಾರ್ಮನಿ ಬರಲ್ಲ ಮೇಡಂ, ಆರ್ಕೆಸ್ಟ್ರೇಶನ್ ಬರಲ್ಲ. ಅದಕ್ಕೇ ಮುಂದಕ್ಕೆ ಹೋಗ್ತಿಲ್ಲ" ಅಂದಳು. ಹಾರ್ಮನಿ ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ಹೊಂದಿಸುವುದು, ಆರ್ಕೆಸ್ಟ್ರೇಶನ್ ಅಂದರೆ ಯಾವ ವಾದ್ಯಕ್ಕೆ ಏನು ಎಂದು ಹಂಚುವುದು. ಮೂರು ಆನ್‌ಲೈನ್ ಕೋರ್ಸ್ ಮಾಡಿ ನಾಲ್ಕನೆಯದಕ್ಕೆ ದುಡ್ಡು ಕಟ್ಟಿದ್ದಳು. ಲ್ಯಾಪ್‌ಟಾಪಿನಲ್ಲಿ ಎಷ್ಟು ಟ್ಯೂನ್ ಇವೆ ಎಂದು ಕೇಳಿದೆ. ಎಪ್ಪತ್ತರ ಹತ್ತಿರ. ಮುಗಿಸಿದ್ದು? ಸ್ವಲ್ಪ ಹೊತ್ತು ನೆಲ ನೋಡಿದಳು. "ಒಂದು."

ಗಂಟು ಇದ್ದಿದ್ದು ಆ ಒಂದರಲ್ಲೇ. ಪರಿಚಯದವರ ಕಿರುಚಿತ್ರ. ಆಸ್ಪತ್ರೆಯ ವರಾಂಡದಲ್ಲಿ ಅಪ್ಪ, ಮಗಳು ಮಾತಾಡುವ ದೃಶ್ಯ. ಈಕೆ ಶುಭಪಂತುವರಾಳಿ ರಾಗದಲ್ಲಿ ವೀಣೆ ಇಟ್ಟು ಮನಸ್ಸು ಸುರಿದು ಮಾಡಿದ್ದಳು. ನಿರ್ದೇಶಕರು "ರಾಗ ಚೆನ್ನಾಗಿದೆ, ಆದರೆ ಮಾತು ಕೇಳಿಸ್ತಿಲ್ಲ" ಎಂದರು. ಎರಡು ಸಲ ಬದಲಿಸಿದಳು. ಮೂರನೇ ಸಲ ವೀಣೆಯನ್ನೇ ತೆಗೆದು ಬರೀ ತಂಬೂರಿ ಬಿಡಿ ಎಂದಾಗ ಫೋನ್ ಎತ್ತುವುದನ್ನೇ ನಿಲ್ಲಿಸಿದಳು. ಅವರು ಬರೀ ತಂಬೂರಿಯಲ್ಲೇ ಚಿತ್ರ ಮುಗಿಸಿಕೊಂಡರು. ಅಲ್ಲಿಂದ ಹನ್ನೊಂದು ತಿಂಗಳು ಯಾವುದೂ ಮುಗಿದಿಲ್ಲ.

ನನಗೆ ಅರ್ಥವಾದದ್ದು ಇಷ್ಟು. ಗುರುಗಳ ಮನೆಯಲ್ಲಿ ಶ್ರುತಿ ತಪ್ಪಿದರೆ, ತಾಳ ಜಾರಿದರೆ ತಿದ್ದುತ್ತಿದ್ದರು. ಸರಿ ಮಾಡಿದರೆ ಶಭಾಶ್. ಇಲ್ಲಿ ಏನೂ ತಪ್ಪಿರಲಿಲ್ಲ, ಆದರೂ ಬೇಡ ಎಂದರು. ಆಕೆಗೆ ಅದು ತಾನೇ ಬೇಡ ಅಂದಂತೆ ಕೇಳಿಸಿತು. ಪಾಪ, ಹದಿನೈದು ವರ್ಷ ಸಾಧನೆ ಮಾಡಿದವರಿಗೆ ಇದು ಸಣ್ಣ ಪೆಟ್ಟಲ್ಲ.

ಹಾರ್ಮನಿ ಬೇಡ ಎಂದು ನಾನು ಹೇಳಲಿಲ್ಲ. ಕಲಿಯಲೇಬೇಕು. ಆದರೆ ನಾಲ್ಕು ತಿಂಗಳು ಕೋರ್ಸ್ ಬದಿಗಿಡು ಎಂದೆ. ವಾರಕ್ಕೊಂದು 40 ಸೆಕೆಂಡಿನ ದೃಶ್ಯ ತೆಗೆದುಕೋ, ಭಾನುವಾರ ರಾತ್ರಿಯೊಳಗೆ ಮುಗಿಸಿ ಒಬ್ಬರಿಗಾದರೂ ಕಳಿಸು. ಹೇಗಿದ್ದರೂ ಕಳಿಸು. ಆಗ ಆಕೆಯೇ ಬೆರಳು ಮಡಿಸಿ ಲೆಕ್ಕ ಹಾಕಿದಳು: ನಿಮಿಷಕ್ಕೆ 72 ಏಟಿನ ಲಯವಾದರೆ 40 ಸೆಕೆಂಡಿಗೆ 48 ಏಟು, ಅಂದರೆ ಎಂಟು ಏಟಿನ ಆದಿತಾಳದ ಆರು ಆವರ್ತ (ಸುತ್ತು). "ಇದು ನನಗೆ ಬರುತ್ತೆ ಅಲ್ವಾ!" ಅಂದಳು. ಆ ಮುಖ ಇನ್ನೂ ನೆನಪಿದೆ. ದೃಶ್ಯದ ತಿರುವಿಗೆ ಸರಿಯಾಗಿ ಸಮ, ಅಂದರೆ ಆವರ್ತದ ಮೊದಲ ಏಟು, ಬೀಳಿಸುವುದು ಈ ಕೆಲಸದ ದೊಡ್ಡ ಭಾಗ. ತನಗೆ ಗೊತ್ತಿರುವುದನ್ನೇ ಆಕೆ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಎರಡನೆಯದು, ನಾಟಕದ ತಾಲೀಮಿಗೆ ಹೋಗು ಎಂದೆ. ಈ ಸಲಹೆಯ ಮೇಲೆ ನನಗೆ ತುಂಬಾ ನಂಬಿಕೆ. ಅಲ್ಲಿ ನಟ ಎರಡು ಹೆಜ್ಜೆ ಜಾಸ್ತಿ ಇಟ್ಟರೂ ಸಂಗೀತ ಬದಲಾಗಬೇಕು. ದಿನಾ ಬದಲಾಗುತ್ತದೆ, ಯಾರೂ ಮುನಿಸಿಕೊಳ್ಳುವುದಿಲ್ಲ. ರಂಗನಿರ್ದೇಶಕ ಬಿ.ವಿ. ಕಾರಂತರು ಕಲ್ಲು, ಒಣಗಿದ ಎಲೆ, ಕೈಗೆ ಸಿಕ್ಕ ವಸ್ತುಗಳಿಂದ ರಂಗಸಂಗೀತ ಕಟ್ಟಿದವರು. ವೀಣೆ ಬಿಟ್ಟುಕೊಡುವುದು ಸೋಲಲ್ಲ ಎಂದು ಆಕೆ ಕಣ್ಣಾರೆ ನೋಡಬೇಕಿತ್ತು.

ಕೆಲಸ ಬಿಡಲಾ ಎಂದಳು. ಈಗ ಬೇಡ ಎಂದೆ. ಇಳಯರಾಜಾ ಕನ್ನಡ ಸಿನಿಮಾಗಳಲ್ಲಿ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿದ್ದವರು. ರೆಹಮಾನ್ ಮೊದಲು ಜಾಹೀರಾತುಗಳಿಗೆ ಜಿಂಗಲ್ ಮಾಡುತ್ತಿದ್ದರು. ಒಬ್ಬರ ಕೈಕೆಳಗೆ, ಸಣ್ಣ ಕೆಲಸಗಳಲ್ಲಿ ಕಳೆಯುವ ವರ್ಷಗಳಿಗೆ ಬಾಡಿಗೆ ಕಟ್ಟಲು ಸಂಬಳ ಬೇಕು.

ಓದದೆ ಸಹಿ ಹಾಕಬೇಡ ಅಂತಲೂ ಹೇಳಿದೆ. ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿಯ ಪ್ರಕಾರ, ಸಿನಿಮಾಕ್ಕೆ ಮಾಡಿದ ಸಂಗೀತ ಚಿತ್ರಮಂದಿರದ ಆಚೆ ಬಳಕೆಯಾದರೆ ಸಂಯೋಜಕರಿಗೂ ರಾಯಧನದಲ್ಲಿ ಸಮಪಾಲು ಇದೆ. ಆ ಪಾಲನ್ನು ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ (ಸದಸ್ಯರ ಪರವಾಗಿ ರಾಯಧನ ವಸೂಲಿ ಮಾಡಿ ಹಂಚುವ ಸಂಸ್ಥೆ) ಬಿಟ್ಟು ಬೇರೆಯವರಿಗೆ ಬರೆದುಕೊಡಲು ಆಗುವುದಿಲ್ಲ.

ಎಂಟು ತಿಂಗಳಾದ ಮೇಲೆ ಬಂದಳು. ಹತ್ತೊಂಬತ್ತು ತುಣುಕು ಮುಗಿದಿದ್ದವು, ನಡುವೆ ಕೆಲವು ವಾರ ತಪ್ಪಿದ್ದವು. ನಿದ್ದೆ ಪರವಾಗಿಲ್ಲ. ಹವ್ಯಾಸಿ ತಂಡವೊಂದರ ನಾಟಕಕ್ಕೆ ಸಂಗೀತ ಮಾಡುತ್ತಿದ್ದಳು. ನಿರ್ದೇಶಕರು ಒಂದು ಇಡೀ ಹಾಡು ತೆಗೆಸಿದರಂತೆ. ಬೇಜಾರಾಯಿತಾ ಎಂದು ಕೇಳಿದೆ. "ಆಯ್ತು. ಆದರೆ ಮಾರನೇ ದಿನ ತಾಲೀಮಿಗೆ ಹೋದೆ" ಅಂದಳು.